ಒಳಾಂಗಣ ಚಿತ್ರಗಳಿಗೆ ಮೊದಲ ಡಿಎಸ್‌ಎಲ್‌ಆರ್: ಕ್ಯಾನನ್ ಇಒಎಸ್ 200ಡಿ

ಕೋಣೆಯೊಳಗಿನ ಚಿತ್ರಗಳಿಗಾಗಿ ಮೊದಲ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೊಳ್ಳುವವರು ಬಾಡಿಗಿಂತ ಲೆನ್ಸಿನ ಬಗ್ಗೆ ಹೆಚ್ಚು ಯೋಚಿಸಬೇಕೆಂಬುದು ಕ್ಯಾನನ್ 200ಡಿ ಬಳಸಿದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ. 2017ರಲ್ಲಿ ಬಂದ ಈ ಕ್ಯಾಮೆರಾದ ಎಪಿಎಸ್-ಸಿ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಫುಲ್‌ಫ್ರೇಮ್‌ಗಿಂತ, ಅಂದರೆ ಹಳೆಯ 35 ಮಿ.ಮೀ. ಫಿಲ್ಮಿನ ಅಳತೆಗಿಂತ, ಚಿಕ್ಕದಾದ್ದರಿಂದ ಲೆನ್ಸಿನ ಫೋಕಲ್ ಲೆಂತನ್ನು (ಮಿ.ಮೀ.ನಲ್ಲಿ ಹೇಳುವ ಈ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ) 1.6ರಿಂದ ಗುಣಿಸಿಯೇ ನೋಡಬೇಕು. ಹಾಗಾಗಿ ಕ್ಯಾಮೆರಾ ಜೊತೆಗೆ ಕಿಟ್‌ನಲ್ಲಿ ಬರುತ್ತಿದ್ದ 18–55 ಮಿ.ಮೀ. ಲೆನ್ಸ್ ತನ್ನ ಅತಿ ಅಗಲದ ತುದಿಯಲ್ಲೂ ಸುಮಾರು 29 ಮಿ.ಮೀ.ನಷ್ಟೇ ನೋಟ ಕೊಡುತ್ತದೆ, ಚಿಕ್ಕ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿದರೂ ಎದುರಿನ ಎರಡು ಮೂಲೆಗಳು ಹಲವು ಬಾರಿ ಚೌಕಟ್ಟಿಗೆ ಸಿಗುವುದಿಲ್ಲ. ಇಎಫ್-ಎಸ್ 10–18 ಮಿ.ಮೀ. ಲೆನ್ಸ್ ಹಾಕಿದರೆ 16 ಮಿ.ಮೀ.ಗೆ ಸಮನಾದ ನೋಟ ದೊರೆತು, ಕಿಟಕಿ, ಕಪಾಟು, ನೆಲ, ಚಾವಣಿ ಎಲ್ಲವೂ ಒಂದೇ ಚಿತ್ರದಲ್ಲಿ ಕೂರುತ್ತವೆ. ಆ ವ್ಯತ್ಯಾಸ ನಿಜಕ್ಕೂ ಖುಷಿ ಕೊಡುವಂಥದ್ದು.

ಈ 10–18 ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ, ಎಫ್/4.5ಕ್ಕಿಂತ ಹೆಚ್ಚು ತೆರೆಯದು (ಎಫ್ ಅಂಕಿ ದೊಡ್ಡದಾದಷ್ಟೂ ರಂಧ್ರ ಚಿಕ್ಕದು). ಖಾಲಿ ಕೋಣೆಗೆ ಅದು ಅಡ್ಡಿಯಲ್ಲ, ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಎಫ್/8, ಎರಡು ಸೆಕೆಂಡಿನ ಟೈಮರ್ ಸಾಕು. ಮಂದ ಬೆಳಕಿನಲ್ಲಿ ಜನ ಓಡಾಡುವ ಸಮಾರಂಭಗಳಿಗೆ ಮಾತ್ರ ನಾನು ಇದನ್ನು ಶಿಫಾರಸು ಮಾಡಲಾರೆ. ಕ್ಯಾಮೆರಾ ಕೊಂಚ ಮೇಲಕ್ಕೆ ವಾಲಿದರೂ ಬಾಗಿಲ ಚೌಕಟ್ಟುಗಳು ಒಳಮುಖವಾಗಿ ಬಾಗಿದಂತೆ ಕಾಣುತ್ತವೆ. ಹೊರಕ್ಕೆ ತಿರುಗುವ ಪರದೆ ಆಗ ಬಹಳ ನೆರವಾಗುತ್ತದೆ: ಕ್ಯಾಮೆರಾವನ್ನು ಸೊಂಟದೆತ್ತರಕ್ಕಿಳಿಸಿ, ಪರದೆಯ ಗ್ರಿಡ್ ಗೆರೆಗೆ ಬಾಗಿಲಿನ ಅಂಚನ್ನು ಹೊಂದಿಸಿಕೊಳ್ಳಬಹುದು.