ಮೂರು ಮಳೆಗಾಲ ಕಂಡ ಸಿಪಿಎಲ್ ಫಿಲ್ಟರ್: ಕೊಡಗಿನಲ್ಲಿ ಬಳಸಿದವನ ವಿಮರ್ಶೆ

"ಸಿಪಿಎಲ್ ಫಿಲ್ಟರ್ ತಗೊಳ್ಳಿ, ಆಕಾಶ ಕಡು ನೀಲಿ ಬರುತ್ತೆ" ಅಂತ ಯಾರಾದರೂ ಹೇಳಿದರೆ ಅವರು ಕೊಡಗಿನವರಲ್ಲ ಅಂತ ತಿಳಿದುಕೊಳ್ಳಿ. ಸಿಪಿಎಲ್ ಅಂದರೆ ಕ್ಯಾಮೆರಾ ಲೆನ್ಸಿನ ಮುಂದೆ ಹಾಕುವ, ತಿರುಗಿಸಿದರೆ ಹೊಳಪು ಕಡಿಮೆ ಮಾಡುವ ಪೋಲರೈಸರ್ ಗಾಜು. ನಮ್ಮಲ್ಲಿ ಜೂನ್‌ ಬಂತು ಅಂದರೆ ಆಕಾಶವೇ ಕಾಣುವುದಿಲ್ಲ, ಇನ್ನು ನೀಲಿ ಎಲ್ಲಿಂದ ಬರಬೇಕು? ಆದರೂ ಮೂರೂವರೆ ವರ್ಷದಿಂದ ನನ್ನ ಬ್ಯಾಗಿನಲ್ಲಿರುವ ಸಾಮಾನುಗಳಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನಿಸಿದ್ದು ಇದೊಂದೇ. ಅದೂ ಬಿಸಿಲಲ್ಲಿ ಅಲ್ಲ, ಮಳೆಯಲ್ಲಿ.

ನನ್ನದು 77 ಎಂಎಂ ಅಗಲದ ಫಿಲ್ಟರ್, ಮಧ್ಯಮ ಬೆಲೆಯದು, 4,200 ರೂಪಾಯಿ ಕೊಟ್ಟಿದ್ದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಕೆಳಗೆ ಸ್ವಲ್ಪ ಬೈದಿದ್ದೇನೆ, ಸುಮ್ನೆ ಜಗಳ ಯಾಕೆ ಅಂತ. ಇನ್ನೊಂದು ಲೆನ್ಸಿನ ಬಾಯಿ 67 ಎಂಎಂ, ಅದಕ್ಕೆ ಒಂದು ಸ್ಟೆಪ್‌ಅಪ್ ರಿಂಗ್ ಹಾಕಿ ಇದನ್ನೇ ಕೂರಿಸುತ್ತೇನೆ. ಎರಡು ಫಿಲ್ಟರ್ ಕೊಳ್ಳುವ ಬದಲು ದೊಡ್ಡದು ಒಂದು ಕೊಂಡರೆ ಸಾಕು. ಇದಕ್ಕೂ ಮುಂಚೆ 600 ರೂಪಾಯಿಯದು ಒಂದಿತ್ತು. ಅದನ್ನು ಹಾಕಿ ಕಾಫಿ ಹೂ ತೆಗೆದರೆ ಬೆಳ್ಳಗಿರಬೇಕಾದ ಹೂ ತುಪ್ಪ ಸವರಿದ ಹಾಗೆ ಹಳದಿ ಬರುತ್ತಿತ್ತು. ತೋಟದವರಿಗೆ ತೋರಿಸಿದರೆ "ಇದೇನು, ಬಾಡಿದ ಹೂವಾ?" ಅಂತ ಕೇಳಿದರು. ಅವತ್ತೇ ಅದನ್ನು ಬಿಟ್ಟೆ.

ಮಳೆಗಾಲದ ಮಾತಿಗೆ ಬರುತ್ತೇನೆ. ರೊಬಸ್ಟಾ ಕಾಫಿ ಎಲೆ ನೋಡಿದ್ದೀರಲ್ವಾ, ಅಂಗೈಗಿಂತ ದೊಡ್ಡದು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಮಳೆ ಬಿದ್ದ ಮೇಲಂತೂ ಕೇಳಬೇಡಿ. ಕಣ್ಣಿಗೆ ಹಸಿರಾಗಿ ಕಂಡ ತೋಟ ಫೋಟೋದಲ್ಲಿ ಬೂದು ಬೂದು. ಯಾಕೆಂದರೆ ಪ್ರತಿ ಎಲೆಯ ಮೇಲೂ ಬಿಳಿ ಮೋಡದ ಒಂದೊಂದು ತುಂಡು ಪ್ರತಿಫಲಿಸುತ್ತಿರುತ್ತದೆ. ನಾಪೋಕ್ಲುವಿನಿಂದ ಭಾಗಮಂಡಲದ ಕಡೆ ಹೋಗುವ ರಸ್ತೆಯಲ್ಲಿ, ಕೊಡವರ ಕಕ್ಕಡ ತಿಂಗಳ 18ರಂದು ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಕುಡಿದು ಹೊರಟವನು, ಒಂದು ತೋಟದ ಬೇಲಿ ಹತ್ತಿರ ನಿಂತು ಫಿಲ್ಟರ್‌ನ ರಿಂಗ್ ತಿರುಗಿಸುತ್ತಾ ಹೋದೆ. ಮೊದಲು ಹತ್ತಿರದ ಎಲೆಯ ಬಿಳಿ ಆರಿತು. ಆಮೇಲೆ ಅದರ ಹಿಂದಿನದು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಎಲೆಗಳು ಒಂದೊಂದಾಗಿ ಕಪ್ಪು ಹಸಿರಿಗೆ ತಿರುಗಿದವು, ಅಷ್ಟು ಹೊತ್ತು ಕಾಣದೇ ಇದ್ದ ಎಳೆ ಗೆರೆಗಳು, ಕಾಂಡದ ಮೇಲಿನ ಪಾಚಿ, ಎಲ್ಲ ಎದ್ದು ಬಂದವು. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲು ಆಗುವುದಿಲ್ಲ. ಬಣ್ಣ ಜಾಸ್ತಿ ಮಾಡಬಹುದು, ಆದರೆ ಹೊಳಪಿನ ಅಡಿ ಮುಚ್ಚಿಹೋದ ಎಲೆಯನ್ನು ಎಲ್ಲಿಂದ ತರುತ್ತೀರಿ?

ಕಾರಣ ಸರಳ. ನೀರು, ಎಲೆ, ಗಾಜು ಇಂಥವುಗಳ ಮೇಲಿಂದ ಓರೆಯಾಗಿ ಪ್ರತಿಫಲಿಸುವ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ. ಫಿಲ್ಟರ್ ಅದನ್ನು ತಡೆದು ಉಳಿದದ್ದನ್ನು ಒಳಗೆ ಬಿಡುತ್ತದೆ. ನೀರಿನ ವಿಷಯದಲ್ಲಿ, ನೆಟ್ಟಗೆ ಮೇಲಿಂದ ನೋಡುವುದಕ್ಕಿಂತ ಸುಮಾರು 53 ಡಿಗ್ರಿ ಓರೆಯಾಗಿ ನೋಡಿದಾಗ ಇದರ ಪರಿಣಾಮ ಅತಿ ಹೆಚ್ಚು. ಲೋಹದ ಹೊಳಪಿಗೆ ಮಾತ್ರ ಇದು ನಡೆಯುವುದಿಲ್ಲ.

ಪಕ್ಕದ ಮನೆಯ ಅಜ್ಜನಿಗೆ ಇದನ್ನು ತೋಟದ ಕೆರೆಯ ದಂಡೆಯಲ್ಲಿ ತೋರಿಸಿದೆ. ಬರೀ ಫಿಲ್ಟರನ್ನು ಕಣ್ಣಿಗೆ ಹಿಡಿದು ನೋಡಿದರು. ಏನೂ ಕಾಣಲಿಲ್ಲ. ನೋಡಿದರೆ ಉಲ್ಟಾ ಹಿಡಿದಿದ್ದರು. ಸಿಪಿಎಲ್‌ನಲ್ಲಿ ಎರಡು ಪದರ ಇರುತ್ತವೆ, ಲೆನ್ಸ್ ಕಡೆಯ ಮುಖವನ್ನು ಕೆರೆಗೆ ತೋರಿಸಿದರೆ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಸರಿಯಾಗಿ ಹಿಡಿಸಿ ನಿಧಾನ ತಿರುಗಿಸಿ ಅಂದೆ. ನೀರಿನ ಮೇಲಿನ ಮೋಡ ಮಾಯವಾಗಿ ತಳ ಕಂಡಿತು.

"ಮೀನು ಕಾಣ್ತದಲ್ಲ ಮಾರಾಯ! ಎಷ್ಟು ಕೊಟ್ಟೆ ಇದಕ್ಕೆ?"

"ನಾಲ್ಕು ಸಾವಿರದ ಇನ್ನೂರು ಅಜ್ಜ."

"ಅದೇ ದುಡ್ಡಿಗೆ ಬಲೆ ತಂದಿದ್ರೆ ಮೀನು ಕೈಗೇ ಸಿಗ್ತಿತ್ತು."

ಜಲಪಾತಕ್ಕೂ ಇದು ಒಳ್ಳೆಯದು, ಆದರೆ ಬೇರೆ ಕಾರಣಕ್ಕೆ. ಫಿಲ್ಟರ್ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಅಂದರೆ ಒಳಗೆ ಬರುವುದು ಅರ್ಧ ಇಲ್ಲವೇ ಕಾಲು ಭಾಗ ಅಷ್ಟೇ. ಬೇರೆ ಕಡೆ ಅದು ಕಿರಿಕಿರಿ, ಕಾಡಿನೊಳಗೆ ಕ್ಯಾಮೆರಾದ ಬೆಳಕು ಹಿಡಿಯುವ ಶಕ್ತಿ, ಅಂದರೆ ಐಎಸ್‌ಒ ಏರಿಸಬೇಕಾಗುತ್ತದೆ. ಆದರೆ ಸೋಮವಾರಪೇಟೆ ಕಡೆಯ ಮಲ್ಲಳ್ಳಿಯಲ್ಲಿ ಕುಮಾರಧಾರೆ ಬೀಳುವುದನ್ನು ಅರ್ಧ ಸೆಕೆಂಡ್ ಶಟರ್‌ನಲ್ಲಿ ತೆಗೆಯಬೇಕು ಅಂದರೆ ಅದೇ ಉಪಕಾರ, ಬೆಳಕು ಕಡಿಮೆ ಇದ್ದರೆ ತಾನೇ ಶಟರ್ ಅಷ್ಟು ಹೊತ್ತು ತೆರೆದಿಡಬಹುದು. ಬಂಡೆಯ ಹೊಳಪೂ ಹೋಗಿ ಕಲ್ಲು ಕಲ್ಲಿನ ಹಾಗೆ ಕಾಣುತ್ತದೆ. ಟ್ರೈಪಾಡ್ ಬೇಕೇ ಬೇಕು. ಜುಲೈನಲ್ಲಿ ಹೋದರೆ ನೀರಿನ ಸಿಡಿತ ಎಷ್ಟಿರುತ್ತದೆ ಅಂದರೆ ಒರೆಸಿ ಕೈ ತೆಗೆಯುವುದರೊಳಗೆ ಮತ್ತೆ ಹನಿ. ನೀರು ಜಾರಿಹೋಗುವ ಕೋಟಿಂಗ್ ಇದೆ ಅಂತ ಡಬ್ಬಿಯ ಮೇಲೆ ಬರೆದಿದ್ದರು. ಮೊದಲ ವರ್ಷ ನಿಜವಾಗಿಯೂ ಜಾರುತ್ತಿತ್ತು. ಈಗ ಅಂಟಿ ಕೂರುತ್ತದೆ. ನಾಲ್ಕು ಹಳೆ ಹತ್ತಿ ಬಟ್ಟೆ ಇಟ್ಟುಕೊಳ್ಳಿ, ಜಿಗಣೆಗೆ ಉಪ್ಪಿನ ಪೊಟ್ಟಣವೂ ಇರಲಿ.

ಅಕ್ಟೋಬರ್‌ನಲ್ಲಿ ಒಂದು ಪೆಟ್ಟು ತಿಂದೆ. ಹಾರಂಗಿ ಹತ್ತಿರ ಒಂದು ಕಡೆ ಬಿಸಿಲು, ಒಂದು ಕಡೆ ಮಳೆ. ಜೊತೆಗಿದ್ದ ಗೆಳೆಯ "ಕಾಮನಬಿಲ್ಲು ನೋಡೋ" ಅಂತ ಕೂಗಿದ. ನಾನು ಟೆಲಿ (ದೂರದ್ದನ್ನು ಹತ್ತಿರ ತೋರಿಸುವ) ಲೆನ್ಸಿನಲ್ಲಿ ನೋಡುತ್ತೇನೆ, ಇಲ್ಲ! ಬೆಟ್ಟ ಇದೆ, ಮರ ಇದೆ, ಬಿಲ್ಲು ಮಾತ್ರ ಇಲ್ಲ. ಕಾಮನಬಿಲ್ಲಿನ ಬೆಳಕೂ ಪ್ರತಿಫಲಿಸಿ ಬಂದದ್ದೇ, ಅದನ್ನೂ ಫಿಲ್ಟರ್ ನುಂಗಿಬಿಡುತ್ತದೆ. ರಿಂಗನ್ನು ಕಾಲು ಸುತ್ತು ತಿರುಗಿಸಿದರೆ ಬಿಲ್ಲು ಬರಿಗಣ್ಣಿಗಿಂತ ಚೆನ್ನಾಗಿ ಎದ್ದು ಕಾಣುತ್ತದೆ. ಇದು ನನಗೆ ಗೊತ್ತಾಗುವ ಹೊತ್ತಿಗೆ ಬಿಸಿಲು ಹೋಗಿತ್ತು.

ಚಳಿಗಾಲದಲ್ಲಿ ಇದನ್ನು ಬಹುಮಟ್ಟಿಗೆ ಬಿಚ್ಚಿಯೇ ಇಡುತ್ತೇನೆ. ಮಾಂದಲ್‌ಪಟ್ಟಿಯಲ್ಲಿ ಬೆಳಗ್ಗೆ ಸೂರ್ಯನ ಕಡೆಗೇ ಮುಖ ಮಾಡಿ ನಿಂತಾಗ ಆಕಾಶದ ಮೇಲೆ ಇದರದ್ದು ಏನೂ ನಡೆಯಲ್ಲ, ಮೇಲಿಂದ ಒಂದು ಗಾಜು ಹೆಚ್ಚಾಗಿ ಬೆಳಕಿನ ಚುಕ್ಕೆಗಳು ಬೇರೆ ಬೀಳುತ್ತವೆ. ದಟ್ಟ ಮಂಜಿಗೂ ಇದು ಮದ್ದಲ್ಲ. ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಗದ್ದೆಯ ಬದುವಿನ ಹುಲ್ಲಿನ ಮೇಲೆ ಇಬ್ಬನಿ ಕೂತಿರುತ್ತದಲ್ಲ, ಅಲ್ಲಿ ಫಿಲ್ಟರ್ ಹಾಕಿದರೆ ಹನಿಯ ಹೊಳಪೇ ಮಂಕಾಗುತ್ತದೆ, ಆಮೇಲೆ ಆ ಫೋಟೋದಲ್ಲಿ ಉಳಿಯುವುದು ಒದ್ದೆ ಹುಲ್ಲು ಮಾತ್ರ. ಹಣ್ಣಾದ ಕಾಫಿಗೂ ಪೂರ್ತಿ ತಿರುಗಿಸಬೇಡಿ. ಹೊಳಪು ಸ್ವಲ್ಪವೂ ಇಲ್ಲದ ಹಣ್ಣು ಮಣ್ಣಿನಲ್ಲಿ ಮಾಡಿದ ಹಾಗೆ ಕಾಣುತ್ತದೆ.

ಬೇಸಿಗೆಯಲ್ಲಿ ನೀಲಿ ಆಕಾಶದ ಕಥೆ ನಿಜವೇ, ಆದರೆ ಅರ್ಧ ನಿಜ. ತೋರುಬೆರಳನ್ನು ಸೂರ್ಯನಿಗೆ ತೋರಿಸಿ ಹೆಬ್ಬೆರಳನ್ನು ಅಡ್ಡ ಚಾಚಿ, ಕೈ ತಿರುಗಿಸಿ. ಹೆಬ್ಬೆರಳು ತೋರಿಸುವ ಕಡೆ ಮಾತ್ರ ಆಕಾಶ ಚೆನ್ನಾಗಿ ಕಪ್ಪಾಗುತ್ತದೆ. 1,748 ಮೀಟರ್ ಎತ್ತರದ ತಡಿಯಂಡಮೋಳಿನ ತುದಿಯಲ್ಲಿ ನಿಂತು 16 ಎಂಎಂ ವೈಡ್ ಲೆನ್ಸಿನಲ್ಲಿ ಅಗಲವಾಗಿ ತೆಗೆದ ಫೋಟೋದಲ್ಲಿ ಆಕಾಶದ ನಡುವೆ ಶಾಯಿ ಚೆಲ್ಲಿದ ಹಾಗೆ ಒಂದು ಪಟ್ಟೆ ಬಂದಿದೆ, ಅದನ್ನು ಇವತ್ತಿಗೂ ಸರಿ ಮಾಡಲು ಆಗಿಲ್ಲ. ವೈಡ್ ಲೆನ್ಸ್‌ನಲ್ಲಿ ಆಕಾಶ ಜಾಸ್ತಿ ಇದ್ದರೆ ಬಿಚ್ಚಿಬಿಡಿ. ನಾಲ್ಕೈದು ಫೋಟೋ ಜೋಡಿಸಿ ಪನೋರಮಾ ಮಾಡುವವರಿಗಂತೂ ಬೇಡವೇ ಬೇಡ.

ಕಾಫಿ ಹೂವಿಗೆ ಮಾತ್ರ ಮಾರ್ಚ್‌ನಲ್ಲಿ ಮತ್ತೆ ಹೊರಗೆ ತೆಗೆಯುತ್ತೇನೆ. ಹೂಮಳೆ ಬಿದ್ದು, ಇಲ್ಲವೇ ಸ್ಪ್ರಿಂಕ್ಲರ್ ಹೊಡೆದು, ವಾರ-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ನೀರು ಕೊಟ್ಟ ತೋಟ ಬಿಳಿ, ಬೇಲಿಯಾಚೆ ಕೊಡದ ತೋಟ ಹಸಿರು. ಮೂರು ನಾಲ್ಕು ದಿನ ಅಷ್ಟೇ, ಆಮೇಲೆ ಹೂ ಕಂದುತ್ತದೆ. ಎಲೆಯ ಹೊಳಪೂ ಬಿಳಿ, ಹೂವೂ ಬಿಳಿ ಆದಾಗ ಎರಡೂ ಕಲಸಿಹೋಗುತ್ತವೆ. ಎಲೆಯ ಬಿಳಿ ತೆಗೆದರೆ ಹೂ ಉಳಿಯುತ್ತದೆ. ಪರಿಮಳವನ್ನು ಫೋಟೋದಲ್ಲಿ ಹಿಡಿಯುವ ಫಿಲ್ಟರ್ ಇನ್ನೂ ಬಂದಿಲ್ಲ, ಅದಕ್ಕೆ ಬಂದೇ ನಿಲ್ಲಬೇಕು.

ಈಗ ಬೈಗುಳ. ಎರಡನೇ ವರ್ಷ ಜೀಪಿನ ದಾರಿಯ ಕೆಂಪು ಧೂಳು ತಿಂದು ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡಿತು. ಬಲ ಹಾಕಿ ಹಿಸುಕಿದಷ್ಟೂ ತೆಳು ಅಲ್ಯೂಮಿನಿಯಂ ರಿಂಗ್ ಸೊಟ್ಟಗಾಗಿ ಇನ್ನೂ ಬಿಗಿಯಾಗುತ್ತದೆ. ಅಗಲದ ರಬ್ಬರ್ ಬ್ಯಾಂಡ್ ಸುತ್ತಿ, ಸುತ್ತಲೂ ಹಗುರವಾಗಿ ಹಿಡಿದು ತಿರುಗಿಸಿದಾಗ ಬಂತು. ಮುಂದಿನ ಸಲ ಕೊಂಡರೆ ಹಿತ್ತಾಳೆ ರಿಂಗಿನದ್ದೇ.

ದೊಡ್ಡ ತಕರಾರು ಮೂರನೇ ಮಳೆಗಾಲದ ನಂತರದ್ದು. ಗಾಜಿನ ಅಂಚಿನಲ್ಲಿ, ಉಗುರಿನ ಅರ್ಧದಷ್ಟು, ಎಣ್ಣೆ ಹನಿ ಬಿದ್ದ ಹಾಗೆ ಬಣ್ಣ ಬಣ್ಣದ ಕಲೆ ಬಂದಿದೆ. ಎರಡು ಗಾಜಿನ ನಡುವೆ ಇರುವ ತೆಳು ಹಾಳೆ ಬಿಡುತ್ತಿದೆ. ಮಾರಿದವರಿಗೆ ಫೋಟೋ ಕಳಿಸಿದೆ. "ತೇವದಿಂದ ಆದದ್ದು ವಾರಂಟಿಗೆ ಬರಲ್ಲ ಸರ್" ಅಂದರು. ಮಳೆಗೆ ಹೆದರಬೇಡಿ ಅಂತ ಡಬ್ಬಿಯ ಮೇಲೆ ಬರೆದವರು ಇವರೇ!

ತಪ್ಪು ನನ್ನದೂ ಇದೆ. ಮೊದಲ ಎರಡು ವರ್ಷ ಒದ್ದೆ ಬ್ಯಾಗಿನಲ್ಲೇ ಬಿಟ್ಟಿದ್ದೆ. ಅಮ್ಮ ಒಲೆ ಮೇಲಿನ ಅಟ್ಟದಲ್ಲಿ ಇಡು ಅಂದರು, ಅಲ್ಲಿ ಬಿಸಿ, ಹೊಗೆ ಎರಡೂ ಇದಕ್ಕೆ ಆಗಲ್ಲ. ಈಗ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಲೆನ್ಸ್ ಜೊತೆ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀಲಿ ಮಣಿ ಗುಲಾಬಿ ಆದರೆ ಹಗುರ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಗೆ ತಿರುಗುತ್ತದೆ. ಇದಕ್ಕೆ ಅಡುಗೆ ಬಾಣಲೆ ಬಳಸಬೇಡಿ, ನೀಲಿ ಮಣಿಯಲ್ಲಿ ಕೋಬಾಲ್ಟ್ ಇರುತ್ತದೆ. ಜುಲೈನಲ್ಲಿ ವಾರಕ್ಕೊಮ್ಮೆ ಈ ಕೆಲಸ.

ಕೊಳ್ಳುವವರು ಅಂಗಡಿಯಲ್ಲೇ ಎರಡು ನೋಡಿ. ಬಿಳಿ ಹಾಳೆಯ ಮೇಲೆ ಹಿಡಿದಾಗ ಹಳದಿಯೋ ನೀಲಿಯೋ ಕಂಡರೆ ಬೇಡ. ಲೆನ್ಸ್ ಕಡೆಯಿಂದ ಕಣ್ಣಿಟ್ಟು ಲ್ಯಾಪ್‌ಟಾಪ್ ಪರದೆಯನ್ನು ನೋಡುತ್ತಾ ತಿರುಗಿಸಿ. ಒಂದು ಹಂತದಲ್ಲಿ ಪರದೆ ಪೂರ್ತಿ ಕಪ್ಪಾಗಬೇಕು. ಬರೀ ಮಂಕಾದರೆ ಅದು ಒಳ್ಳೆಯ ಮಾಲಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಲೆ ಟೆಲಿ ಲೆನ್ಸಿನಲ್ಲಿ ಕಾಣುವುದಿಲ್ಲ, ವೈಡ್‌ನಲ್ಲಿ ಮೂಲೆಗೆ ಬರುತ್ತಿದೆ. ಹೊಸದೊಂದನ್ನು ಮೇ ಒಳಗೆ ತರಿಸಬೇಕು. ಹಳೆಯದನ್ನು ತನಗೆ ಕೊಟ್ಟುಬಿಡು ಅಂತ ಅಜ್ಜ ಆಗಲೇ ಹೇಳಿದ್ದಾರೆ. ಬಲೆಯನ್ನೂ ತಂದಿದ್ದಾರಂತೆ.