ನಾರ್ವೆಯ ‘ಡಿಜಿಟಲ್‌ಆರ್ಕಿವೆಟ್’: ಒಬ್ಬ ವಲಸೆ ತಾಯಿಯ ಜಾಡು ಹಿಡಿಯಲು ನೆರವಾದ ದಾಖಲೆ ಸೇವೆ

ನಾರ್ವೆಯ ರಾಷ್ಟ್ರೀಯ ದಾಖಲೆ ಇಲಾಖೆ ನಡೆಸುವ ‘ಡಿಜಿಟಲ್‌ಆರ್ಕಿವೆಟ್’ ಎಂಬ ಅಂತರ್ಜಾಲ ಸೇವೆ 1998ರಿಂದಲೂ ಇದೆಯಾದರೂ, ಶಿರಸಿ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರಲ್ಲಿ ಅದನ್ನು ತೆರೆಯುವ ಸಂದರ್ಭ ಬರುವುದು ಅಪರೂಪವೇ ಸರಿ. ನನಗೆ ಆ ಸಂದರ್ಭ ಒದಗಿಸಿದವಳು ಮಿನೆಸೋಟದಲ್ಲಿ ನೆಲೆಸಿರುವ ಅಣ್ಣನ ಮಗಳು. ಅವಳ ಅತ್ತೆಯವರ ಅಜ್ಜಿ ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಬಂದವರು. ಮನೆ, ಮಕ್ಕಳು, ತಂಗಿ ಎಂದು ಇಡೀ ಬದುಕನ್ನು ಕುಟುಂಬಕ್ಕಾಗಿಯೇ ಸವೆಸಿದವರು ಎಂಬ ಮಾತಿನ ಹೊರತು ಅವರ ಬಗ್ಗೆ ಆ ಮನೆಯಲ್ಲಿ ಉಳಿದದ್ದು ಕಡಿಮೆ. ನಮ್ಮ ಮನೆಯ ವಂಶಾವಳಿಯನ್ನು ಬರೆದವಳು ನಾನೇ ಆದ್ದರಿಂದ, ಆ ಹಿರಿಯರ ವಿವರವನ್ನೂ ಹುಡುಕಿಕೊಡಬೇಕೆಂದು ಅವಳು ಕೇಳಿಕೊಂಡಳು.

ಮೊದಲಿಗೇ ಹೇಳಬೇಕಾದ ಸಂಗತಿಯೆಂದರೆ ಈ ಸೇವೆ ಸಂಪೂರ್ಣ ಉಚಿತ. ಹುಡುಕುವುದಕ್ಕೆ ಖಾತೆ ತೆರೆಯಬೇಕಾಗಿಲ್ಲ, ಪುಟಗಳನ್ನು ಇಂಗ್ಲಿಷಿನಲ್ಲಿಯೂ ಓದಬಹುದು. 1801, 1865, 1875, 1900, 1910ರ ಜನಗಣತಿಗಳು ಇಲ್ಲಿ ಹೆಸರು ಹೆಸರಾಗಿ ಸಿಗುತ್ತವೆ. ನೂರು ವರ್ಷಗಳ ಗೋಪ್ಯತೆಯ ಅವಧಿ ಮುಗಿದ ಮೇಲೆ 1920ರ ಗಣತಿಯನ್ನೂ 2020ರ ಡಿಸೆಂಬರ್‌ನಲ್ಲಿ ತೆರೆದಿದ್ದಾರೆ. ಇವುಗಳ ಜೊತೆಗೆ ಚರ್ಚುಗಳ ಜನನ, ವಿವಾಹ, ಮರಣದ ಪುಸ್ತಕಗಳ ಚಿತ್ರಗಳೂ, ದೇಶ ಬಿಟ್ಟು ಹೊರಟವರ ಬಗ್ಗೆ ಪೊಲೀಸರು ಇಟ್ಟಿದ್ದ ವಲಸೆ ದಾಖಲೆಗಳೂ ಇವೆ.

ಹೆಸರಿನ ವಿಷಯದಲ್ಲಿ ಮಾತ್ರ ಹೊಸಬರು ಎಚ್ಚರದಿಂದಿರಬೇಕು. ಹತ್ತೊಂಬತ್ತನೆಯ ಶತಮಾನದ ನಾರ್ವೆಯ ಹಳ್ಳಿಗಳಲ್ಲಿ ಹೆಣ್ಣುಮಗಳಿಗೆ ತನ್ನ ಹೆಸರು, ತಂದೆಯ ಹೆಸರಿಗೆ ‘ದಾತ್ತೆರ್’ (ಮಗಳು) ಸೇರಿದ ಎರಡನೆಯ ಹೆಸರು, ಅದರ ಮೇಲೆ ವಾಸದ ಜಮೀನಿನ ಹೆಸರು ಇರುತ್ತಿದ್ದವು. ಕುಟುಂಬ ಬೇರೆ ಜಮೀನಿಗೆ ಹೋದರೆ ಮೂರನೆಯ ಹೆಸರು ಬದಲಾಗುತ್ತಿತ್ತು. ಊರಿನ ಹೆಸರನ್ನು ಜೊತೆಗಿಟ್ಟುಕೊಂಡೇ ಗುರುತಿಸಿಕೊಳ್ಳುವ ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮದುವೆಯ ನಂತರ ಅಮೆರಿಕದಲ್ಲಿ ಬಳಸಿದ ಮನೆತನದ ಹೆಸರಿನಿಂದ ಹುಡುಕಿದರೆ ಏನೂ ದೊರೆಯುವುದಿಲ್ಲ. ಕೊನೆಯ ಹೆಸರನ್ನು ಬಿಟ್ಟು, ಮೊದಲ ಹೆಸರಿನ ಆರಂಭದ ಕೆಲವು ಅಕ್ಷರಗಳ ನಂತರ ನಕ್ಷತ್ರ ಚಿಹ್ನೆ (*) ಹಾಕಿ, ಹುಟ್ಟಿದ ವರ್ಷವನ್ನೂ ಪ್ರದೇಶವನ್ನೂ ಕೊಡುವುದು ಉತ್ತಮ ಮಾರ್ಗ. ಒಂದೇ ಹೆಸರನ್ನು ಪಾದ್ರಿಯೊಬ್ಬರು ‘ಕ’ಕಾರದಿಂದಲೂ ಗಣತಿಯವರು ಬೇರೆ ಅಕ್ಷರದಿಂದಲೂ ಬರೆದಿರುವುದು ಅಲ್ಲಿ ಮಾಮೂಲು.

ಹೀಗೆ ಹುಡುಕಿದಾಗ 1875ರ ಗಣತಿಯಲ್ಲಿ, ವಾಲ್ದ್ರೆಸ್ ಕಣಿವೆಯ ಒಂದು ಸಣ್ಣ ಹಿಡುವಳಿಯಲ್ಲಿ, ಎರಡು ವರ್ಷದ ಆ ಮಗು ದೊರೆಯಿತು. ಈ ಗಣತಿಯ ದೊಡ್ಡ ಗುಣವೆಂದರೆ ಮನೆಯ ಜನರ ಜೊತೆಗೆ ಆ ಜಮೀನಿನಲ್ಲಿದ್ದ ದನ, ಕುರಿ, ಆಡುಗಳ ಲೆಕ್ಕವನ್ನೂ, ಬಿತ್ತಿದ ಬಾರ್ಲಿ, ಓಟ್ಸ್, ಆಲೂಗಡ್ಡೆಯ ಪ್ರಮಾಣವನ್ನೂ ಬರೆದುಕೊಂಡಿರುವುದು. ಎರಡು ಹಸು, ಕೆಲವು ಕುರಿ, ಸ್ವಲ್ಪ ಆಲೂಗಡ್ಡೆ ಬೀಜ, ಉಣ್ಣುವ ಬಾಯಿಗಳು ಮಾತ್ರ ಎಂಟು. ಆ ಹುಡುಗಿ ಮುಂದೆ ಏಕೆ ಊರು ಬಿಟ್ಟಳೆಂಬುದಕ್ಕೆ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ನಾರ್ವೆಯ ಇಂಥ ಮನೆಗಳಿಂದ 1825ರ ನಂತರದ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಅಮೆರಿಕಕ್ಕೆ ಹೋದರು.

ಚರ್ಚಿನ ಪುಸ್ತಕಗಳನ್ನು ಓದುವುದು ಇಷ್ಟು ಸುಲಭವಲ್ಲ. ಹಳೆಯವುಗಳನ್ನು ಗಾಥಿಕ್ ಎಂಬ ಹಳೆಯ ಶೈಲಿಯ ಕೈಬರಹದಲ್ಲಿ ಬರೆದಿದ್ದಾರೆ. ಮನೆಯ ಪೆಟ್ಟಿಗೆಯಲ್ಲಿರುವ ಮೋಡಿ ಲಿಪಿಯ ಕಾಗದವನ್ನು ಓದಬಲ್ಲ ಹಿರಿಯರಿಲ್ಲದಾಗ ಆಗುವ ಕಷ್ಟವೇ ಇಲ್ಲಿಯೂ ಆಗುತ್ತದೆ. ಸ್ವಯಂಸೇವಕರು ಬಹಳಷ್ಟು ಪುಟಗಳನ್ನು ಅಚ್ಚಿನ ಅಕ್ಷರಕ್ಕೆ ಇಳಿಸಿದ್ದಾರಾದರೂ ಎಲ್ಲವೂ ಮುಗಿದಿಲ್ಲ. ಆದರೂ ತಾಳ್ಮೆಯಿಂದ ನೋಡಿದರೆ, ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ನಡೆಯುವ ದೃಢೀಕರಣ ಸಂಸ್ಕಾರದ (ಮಕ್ಕಳು ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ಖಚಿತಪಡಿಸುವ ವಿಧಿಯ) ಪಟ್ಟಿಯಲ್ಲಿ ತಂದೆತಾಯಿಯ ಹೆಸರು, ವಾಸದ ಸ್ಥಳ, ಸಿಡುಬಿನ ಲಸಿಕೆ ಹಾಕಿಸಿದ ವಿವರ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಕೈಕೊಡುವುದು ಇದ್ದದ್ದೇ ಆದ್ದರಿಂದ, ಪುಟವೊಂದು ದೊರೆತ ಕೂಡಲೇ ಅದಕ್ಕೆ ಕೊಟ್ಟಿರುವ ಶಾಶ್ವತ ವಿಳಾಸವನ್ನು ಬರೆದಿಟ್ಟುಕೊಳ್ಳಬೇಕು. ಆ ವಿಳಾಸ ಹಾಕಿದರೆ ನೇರವಾಗಿ ಅದೇ ಪುಟ ತೆರೆಯುತ್ತದೆ.

ಈ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರಿದ್ದು ವಲಸೆ ದಾಖಲೆ. ಇಂದಿನ ಓಸ್ಲೋ ಅಂದು ಕ್ರಿಸ್ಟಿಯಾನಿಯಾ; ಆ ಬಂದರಿನ ವಲಸೆ ಪುಸ್ತಕಗಳು 1867ರಿಂದ ಇವೆ. 1893ರ ಪುಟದಲ್ಲಿ ಇಪ್ಪತ್ತು ವರ್ಷದ ಅವಿವಾಹಿತೆಯಾಗಿ ಆ ಅಜ್ಜಿಯ ಹೆಸರಿದೆ, ಹೋಗುವ ಊರಿನ ಜಾಗದಲ್ಲಿ ಮಿನೆಸೋಟದ ಒಂದು ಸಣ್ಣ ಪೇಟೆಯ ಹೆಸರಿದೆ. ಆ ಕಾಲದಲ್ಲಿ ಬಹುತೇಕರು ಹಡಗಿನಲ್ಲಿ ಇಂಗ್ಲೆಂಡಿನ ಹಲ್ ಬಂದರಿಗೆ ಹೋಗಿ, ರೈಲಿನಲ್ಲಿ ಲಿವರ್‌ಪೂಲ್ ಸೇರಿ, ಅಲ್ಲಿಂದ ಅಟ್ಲಾಂಟಿಕ್ ದಾಟುತ್ತಿದ್ದರು. ಅದೇ ಪೇಟೆಯ ಹೆಸರನ್ನು ಇಟ್ಟುಕೊಂಡು ಮುಂದಿನ ವರ್ಷಗಳ ಪುಟಗಳನ್ನು ನೋಡಿದಾಗ 1902ರಲ್ಲಿ ಅವರ ತಂಗಿಯ ಹೆಸರು ಬಂತು, ಹೋಗುವ ಊರೂ ಅದೇ. ಹಡಗಿನ ಟಿಕೆಟನ್ನು ಅಮೆರಿಕದಲ್ಲಿದ್ದವರೇ ಕೊಂಡು ಊರಿನವರಿಗೆ ಕಳುಹಿಸುವುದು ಆ ವಲಸಿಗರಲ್ಲಿ ವ್ಯಾಪಕವಾಗಿದ್ದ ಪದ್ಧತಿ. ಅಜ್ಜಿ ಬೆಣ್ಣೆ, ಮೊಟ್ಟೆ ಮಾರಿದ ಹಣದಿಂದ ತಂಗಿಯನ್ನು ಕರೆಸಿಕೊಂಡರೆಂದು ಅವರ ಮನೆಯಲ್ಲಿ ಹೇಳಿಕೊಂಡು ಬಂದ ಮಾತು ಈ ಒಂದು ಸಾಲಿನಿಂದ ನಂಬತಕ್ಕದ್ದೆನಿಸಿತು. ಕುಟುಂಬಕ್ಕಾಗಿ ಬದುಕಿದ ಹೆಂಗಸಿನ ಕೆಲಸ ಅವಳ ಹೆಸರಿನ ಮುಂದೆ ದಾಖಲಾಗದೆ ಇನ್ನೊಬ್ಬರ ಹೆಸರಿನ ಮುಂದೆ ಕಾಣಿಸಿಕೊಳ್ಳುವುದು ಹೀಗೆ.

ಅಮೆರಿಕ ತಲುಪಿದ ಮೇಲಿನ ಬದುಕಿಗೆ ಡಿಜಿಟಲ್‌ಆರ್ಕಿವೆಟ್ ಉತ್ತರ ಕೊಡುವುದಿಲ್ಲ. ಅಲ್ಲಿಯ ಗಣತಿಯನ್ನು ಬೇರೆಡೆ ನೋಡಬೇಕು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ‘ಫ್ಯಾಮಿಲಿಸರ್ಚ್’ ಎಂಬ ವಂಶಾವಳಿ ತಾಣ ಉಚಿತ ನೋಂದಣಿಯ ಮೇಲೆ ಅದನ್ನು ಒದಗಿಸುತ್ತದೆ. ಎರಡನ್ನೂ ಕೂಡಿಸಿ ಓದಿದರೆ ಮಾತ್ರ ಬದುಕಿನ ಆಕಾರ ತಿಳಿಯುತ್ತದೆ. 1900 ಮತ್ತು 1910ರ ಅಮೆರಿಕದ ಗಣತಿಗಳು ಹೆಂಗಸರಿಗೆ ಎರಡು ಪ್ರಶ್ನೆ ಕೇಳಿದ್ದವು: ಎಷ್ಟು ಮಕ್ಕಳನ್ನು ಹೆತ್ತಿರಿ, ಅವರಲ್ಲಿ ಎಷ್ಟು ಮಂದಿ ಬದುಕಿದ್ದಾರೆ. 1910ರ ಪುಟದಲ್ಲಿ ಇವರ ಹೆಸರಿನ ಮುಂದೆ ಏಳು, ಅದರ ಪಕ್ಕದಲ್ಲಿ ಐದು ಎಂದಿದೆ. ಇಂಗ್ಲಿಷ್ ಬರುತ್ತದೆಯೇ ಎಂಬ ಪ್ರಶ್ನೆಗೆ 1900ರಲ್ಲಿ ಇಲ್ಲವೆಂದೂ, ಹತ್ತು ವರ್ಷಗಳ ನಂತರ ಹೌದೆಂದೂ ಉತ್ತರವಿದೆ. ಶಾಲೆಗೆ ಹೋಗುವ ಮಕ್ಕಳ ಬಾಯಿಂದಲೇ ಅವರು ಕಲಿತಿರಬೇಕೆಂದು ನಾನು ಭಾವಿಸುತ್ತೇನೆ. ಪೌರತ್ವದ ಪ್ರಶ್ನೆಯನ್ನು 1900ರಲ್ಲಿ ಗಂಡಸರಿಗೆ ಮಾತ್ರ ಕೇಳುತ್ತಿದ್ದರು, ಏಕೆಂದರೆ 1855ರ ಕಾಯಿದೆಯ ಪ್ರಕಾರ ಗಂಡ ಪೌರನಾದರೆ ಹೆಂಡತಿಯೂ ಆದಂತೆಯೇ. ವಿವಾಹಿತ ಹೆಣ್ಣಿಗೆ ಈ ವಿಷಯದಲ್ಲಿ ಸ್ವಂತ ಅರ್ಜಿ ಬಂದದ್ದು ಕೇಬಲ್ ಎಂಬ ಸಂಸದರ ಹೆಸರಿನ 1922ರ ಕಾಯಿದೆಯ ನಂತರ. ಇನ್ನು ಕಸುಬಿನ ಕಾಲಂನಲ್ಲಿ, ಐದು ಮಕ್ಕಳ ಊಟ ಬಟ್ಟೆ ನೋಡುತ್ತ, ಹಾಲು ಕರೆದು ಬೆಣ್ಣೆ ತೆಗೆಯುತ್ತಿದ್ದ ಆ ತಾಯಿಯ ಹೆಸರಿನ ಮುಂದೆ ‘ಯಾವುದೂ ಇಲ್ಲ’ ಎಂದು ಬರೆದಿದ್ದಾರೆ. ಗಣತಿದಾರನಿಗೆ ಕೊಟ್ಟ ಸೂಚನೆಯೇ ಹಾಗಿತ್ತು, ಆದರೂ ಅದನ್ನು ಓದಿ ನನಗೆ ಬಹಳ ಬೇಸರವಾಯಿತು.

ಇಷ್ಟನ್ನು ನೋಡಿದ ಮೇಲೆ ನಮ್ಮ ಜಿಲ್ಲೆಯ ಅಜ್ಜಿಯಂದಿರ ನೆನಪಾಗದೆ ಇರಲಿಲ್ಲ. ನಮ್ಮ 1948ರ ಜನಗಣತಿ ಕಾಯಿದೆ ವ್ಯಕ್ತಿಗಳ ವಿವರವನ್ನು ಯಾರಿಗೂ ತೋರಿಸಲು ಬಿಡುವುದಿಲ್ಲ. ಪಹಣಿ ತೆಗೆಸಿದರೆ ಹಳೆಯ ಕಾಲದ ಹಿಡುವಳಿದಾರರಾಗಿ ಸಿಗುವುದು ಹೆಚ್ಚಾಗಿ ಗಂಡಸರ ಹೆಸರು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾಲದ ಉತ್ತರ ಕನ್ನಡದ ಜನನ ಮರಣದ ಪುಸ್ತಕಗಳನ್ನಾದರೂ ನಾರ್ವೆಯವರು ಮಾಡಿದ ಹಾಗೆ ಚಿತ್ರ ತೆಗೆದು ಎಲ್ಲರಿಗೂ ತೆರೆದಿಟ್ಟರೆ, ಅಂಕೋಲೆಯ ಅಥವಾ ಸಿದ್ದಾಪುರದ ಯಾವುದೋ ತಾಯಿಯ ಹೆತ್ತ ಮಕ್ಕಳ ಲೆಕ್ಕವಾದರೂ ಅವಳ ಮರಿಮಕ್ಕಳಿಗೆ ಸಿಕ್ಕೀತು. ಈ ಕೆಲಸ ಆಗಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಕರಾವಳಿ ಮತ್ತು ಘಟ್ಟದ ಮೇಲಿನ ಅನೇಕ ಮನೆಗಳ ಮಕ್ಕಳು ಈಗ ಅಮೆರಿಕದ ಕುಟುಂಬಗಳೊಂದಿಗೆ ಬೆಸೆದಿರುವುದರಿಂದ, ಅಂಥವರಿಗೆ ಈ ಸೇವೆಯನ್ನು ಧೈರ್ಯವಾಗಿ ಹೇಳಬಹುದು. ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ನೋಡುವುದು ಕಣ್ಣಿಗೆ ಹಿತ. ಹುಟ್ಟಿದ ವರ್ಷ ಮತ್ತು ಕಣಿವೆಯ ಹೆಸರು ಇವೆರಡನ್ನು ಆ ಮನೆಯ ಹಿರಿಯರಿಂದ ಮೊದಲು ಕೇಳಿ ತಿಳಿದುಕೊಂಡು, ಅನಂತರವೇ ಹುಡುಕಾಟಕ್ಕೆ ಕೂರುವುದು ಒಳ್ಳೆಯದು.