ಐದು ರಾತ್ರಿ, ಐದು ಆಲ್ಬಂ: ಅಡಿಕೆ ಸುಲಿಯುತ್ತಾ ಕೇಳಿದ ಇಂಡಿಯನ್ ಓಷನ್

ಶಿರಸಿ ಸೀಮೆಯಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾದರೆ ರಾತ್ರಿಗಳು ಉದ್ದ. ಊಟ ಮುಗಿಸಿ ಹತ್ತು ಹನ್ನೆರಡು ಜನ ಚಪ್ಪರದಡಿ ಮೆಟಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತೇವೆ. ಕೈಗೆ ಕೆಲಸ, ಕಿವಿ ಖಾಲಿ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾವಾಗಲೂ ತಾಳಮದ್ದಲೆಯೋ ಯಕ್ಷಗಾನದ ಪದಗಳೋ ಇರುತ್ತಿದ್ದವು. ಕಳೆದ ಡಿಸೆಂಬರಿನಲ್ಲಿ ಐದು ರಾತ್ರಿ ನನಗೆ ಬಿಟ್ಟುಕೊಡಿ ಅಂತ ಕೇಳಿಕೊಂಡೆ. ದಿನಕ್ಕೊಂದರಂತೆ ದೆಹಲಿಯ ಫ್ಯೂಷನ್ ರಾಕ್ ತಂಡ ಇಂಡಿಯನ್ ಓಷನ್ ಬ್ಯಾಂಡಿನ ಐದು ಆಲ್ಬಂ ಹಾಕಿದೆ. ಕಾಲೇಜಿನ ದಿನದಿಂದ ಕೇಳುತ್ತಿರುವ ಬ್ಯಾಂಡ್ ಇದು. ಆದರೆ ಎಲ್ಲವನ್ನೂ ಹೀಗೆ ಸಾಲಾಗಿ, ಹತ್ತು ಜನರ ನಡುವೆ ಕೂತು ಕೇಳಿದ್ದು ಇದೇ ಮೊದಲು.

ಮೊದಲು ಹಾಕಿದ್ದು 'ಕಂದೀಸಾ', 2000ನೇ ಇಸವಿಯದು. ಇವರನ್ನು ಮನೆಮಾತು ಮಾಡಿದ್ದು ಅದೇ ಅಲ್ವಾ? ಹೆಸರಿನ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಸ್ತೋತ್ರ. ಭಾಷೆ ನಮಗ್ಯಾರಿಗೂ ಗೊತ್ತಿಲ್ಲ. ಆದರೂ ದನಿ ಮೇಲೇರಿದಾಗ ಪಕ್ಕದ ಮನೆಯ ಅತ್ತೆಯ ಕೈ ನಿಂತಿತು. "ಇದು ದೇವರ ಪದವೇ ಸೈ" ಅಂದರು. 'ಮಾ ರೇವಾ' ಹಾಡನ್ನಂತೂ ಎರಡು ಸಲ ಹಾಕಿಸಿದರು. ರೇವಾ ಅಂದರೆ ನರ್ಮದೆ. ಬಾಸ್ ಗಿಟಾರ್ ನುಡಿಸುವ ರಾಹುಲ್ ರಾಮ್ ನರ್ಮದೆಯ ಅಣೆಕಟ್ಟು ವಿರೋಧಿಸಿದ ಚಳವಳಿಯಲ್ಲಿ ಕೆಲಸ ಮಾಡಿದವರು. ಬೇಡ್ತಿ ನದಿಗೆ ಅಣೆಕಟ್ಟು ಬೇಡ ಅಂತ ಹೋರಾಡಿದ ಸೀಮೆ ನಮ್ಮದು. ನದಿಯನ್ನು ತಾಯಿ ಅಂತ ಕರೆಯುವ ಹಾಡು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಎರಡನೇ ರಾತ್ರಿ ಹಿಂದಕ್ಕೆ ಹೋದೆ, 1997ರ 'ಡೆಸರ್ಟ್ ರೇನ್'ಗೆ. ಜನರೆದುರು ನುಡಿಸಿದ್ದನ್ನೇ ರೆಕಾರ್ಡ್ ಮಾಡಿ ತಂದ ಆಲ್ಬಂ. ಇಲ್ಲಿ ಮಾತಿಗಿಂತ ವಾದ್ಯ ಜಾಸ್ತಿ. ಸುಶ್ಮಿತ್ ಸೇನ್ ಅವರ ಗಿಟಾರ್ ಒಂದು ಸಾಲು ಹಾಕುತ್ತದೆ, ಅದರ ಸುತ್ತ ಉಳಿದವರು ಸುಳಿಯುತ್ತಾರೆ. ನಡುನಡುವೆ ಜಾಗ ಬಿಡುತ್ತಾರೆ. ಆ ಜಾಗದಲ್ಲಿ ಅಡಿಕೆ ಬುಟ್ಟಿಗೆ ಬೀಳುವ ಟಪ್ ಟಪ್ ಕೂಡ ಸೇರಿಕೊಂಡಿತು. 'ಕಂದೀಸಾ' ಇದಕ್ಕಿಂತ ಬಿಗಿ, ಇದಕ್ಕಿಂತ ತುಂಬಿದ್ದು. ಮೂರು ವರ್ಷದ ಅಂತರದಲ್ಲಿ ಇವರು ಹಾಡುವುದನ್ನು ಕಲಿತರು ಅಂತ ನನಗೆ ಅನ್ನಿಸುತ್ತದೆ. ಸುಲಿಯುವವರಿಗೆ ಮಾತ್ರ ಆ ರಾತ್ರಿ ಸ್ವಲ್ಪ ನಿದ್ದೆ ಬಂತು. ಹಾಡು ಬೇಕು, ಬರೀ ವಾದ್ಯ ಸಾಲದು ಅಂದರು.

2003ರ 'ಝೀನಿ' ಮೂರನೇ ರಾತ್ರಿಗೆ. ನನ್ನ ಮಟ್ಟಿಗೆ ಇದೇ ಅವರ ಅತ್ಯುತ್ತಮ ಆಲ್ಬಂ. 'ಕಂದೀಸಾ'ಕ್ಕಿಂತ ಮೇಲೆ ಅಂದರೆ ಗೆಳೆಯರು ಜಗಳಕ್ಕೆ ಬರುತ್ತಾರೆ, ಬರಲಿ. 'ಕಂದೀಸಾ'ದಲ್ಲಿ ಗೆಲ್ಲಬೇಕು ಅನ್ನುವ ಹುರುಪಿದೆ. 'ಝೀನಿ'ಯಲ್ಲಿ ಅವಸರವೇ ಇಲ್ಲ. ಹೆಸರಿನ ಹಾಡಿನ ಮಾತು ಕಬೀರನದು, ನಯವಾಗಿ ನೇಯ್ದ ಹೊದಿಕೆಯ ಪದ. ಅಶೀಮ್ ಚಕ್ರವರ್ತಿ ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. ನಮ್ಮ ಯಕ್ಷಗಾನದ ಭಾಗವತರು ತಾಳ ಹಿಡಿದು ಹಾಡುವ ಹಾಗೆ, ತಾಳ ಮತ್ತು ದನಿ ಒಂದೇ ದೇಹದಿಂದ ಬರುತ್ತದೆ. ಕಿವಿಗೊಟ್ಟು ಕೇಳಿ. ಪದದ ಕೊನೆಯ ಅಕ್ಷರ ಎಳೆಯುವಾಗ ಕೈಯೂ ಹಗುರಾಗುತ್ತದೆ, ಮುಂದಿನ ಸಾಲಿಗೆ ಉಸಿರು ತೆಗೆದುಕೊಳ್ಳುವಾಗ ಕೈಯೂ ಕಾಯುತ್ತದೆ. ಆ ರಾತ್ರಿ ನಾನು ಸುಲಿದದ್ದು ಕಡಿಮೆ. ಉಳಿದವರೆಲ್ಲ ಸುಮ್ನೆ ಒಂದೇ ಲಯದಲ್ಲಿ ಸುಲಿಯುತ್ತಾ ಹೋದರು. ಹನ್ನೊಂದು ಗಂಟೆಗೆ ರಾಶಿ ಖಾಲಿ.

ಡಿಸೆಂಬರ್ 25, 2009ರಂದು ಅಶೀಮ್ ತೀರಿಕೊಂಡರು. ಮರುವರ್ಷ ಬಂದ '16/330 ಖಜೂರ್ ರೋಡ್' ಅವರ ದನಿ ಇರುವ ಕೊನೆಯ ಆಲ್ಬಂ. ದೆಹಲಿಯ ಕರೋಲ್ ಬಾಗಿನಲ್ಲಿ ಬ್ಯಾಂಡಿನವರು ವರ್ಷಾನುಗಟ್ಟಲೆ ಅಭ್ಯಾಸ ಮಾಡಿದ ಹಳೆ ಬಂಗಲೆಯ ವಿಳಾಸವೇ ಹೆಸರು. ತಿಂಗಳಿಗೊಂದು ಹಾಡನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ಕೊಟ್ಟರು. ಹಾಗಾಗಿ ಇದನ್ನು ಆಗ ನಾನು ಬಿಡಿಬಿಡಿಯಾಗಿ ಕೇಳಿದ್ದೆ. ಒಟ್ಟಿಗೆ ಕೇಳಿದರೆ ಬೇರೆಯೇ. 'ಝೀನಿ'ಯ ಪಕ್ಕ ಇಟ್ಟರೆ ಹಾಡುಗಳು ಬಿಡಿ ಬಿಡಿ ಅನ್ನಿಸುತ್ತವೆ, ಆದರೆ ದನಿ ಮಾಗಿದೆ. ಆಲ್ಬಂ ಆಗಿ ನಾನು ಇದನ್ನು ಮೂರನೇ ಸ್ಥಾನಕ್ಕೆ ಇಡುತ್ತೇನೆ. ಒಬ್ಬನೇ ಕೂತಾಗ ಜಾಸ್ತಿ ಕೇಳುವುದು ಮಾತ್ರ ಇದನ್ನೇ.

ಕೊನೆಗೆ 2014ರ 'ತಂದಾನು'. ಅಷ್ಟು ಹೊತ್ತಿಗೆ ಸುಶ್ಮಿತ್ ಕೂಡ ಬ್ಯಾಂಡ್ ಬಿಟ್ಟಿದ್ದರು. ನಿಖಿಲ್ ರಾವ್ ಅವರ ಎಲೆಕ್ಟ್ರಿಕ್ ಗಿಟಾರ್ ಬಂತು, ಹಿಮಾಂಶು ಜೋಶಿ ಅವರ ದನಿ ಬಂತು. ಜೊತೆಗೆ ಶಂಕರ್ ಮಹದೇವನ್, ಶುಭಾ ಮುದ್ಗಲ್, ವಿಶ್ವಮೋಹನ್ ಭಟ್ ಅವರಂಥ ಅತಿಥಿಗಳು. ಮೇಳದಲ್ಲಿ ಭಾಗವತರು ಬದಲಾದರೆ ನಮ್ಮೂರಲ್ಲಿ ಏನಾಗುತ್ತದೆ ಗೊತ್ತಲ್ಲ. ಪ್ರಸಂಗ ಅದೇ, ವೇಷದವರು ಅವರೇ, ಆದರೂ ಆಟ ಬೇರೆ. ಹೊಸಬರ ಹಾಡಿಕೆ ಕಡಿಮೆಯದೇನಲ್ಲ. ಹಿಮಾಂಶು ಚೆನ್ನಾಗಿಯೇ ಹಾಡುತ್ತಾರೆ. ನನಗೆ ತೊಡಕಾದದ್ದು ಅತಿಥಿಗಳ ಸಾಲು. ಒಂದೊಂದು ಹಾಡೂ ಬಂದವರ ಕಡೆ ತಿರುಗುತ್ತದೆ, ಬ್ಯಾಂಡ್ ಹಿಂದೆ ಸರಿದು ಜಾಗ ಕೊಡುತ್ತದೆ. ಮೊದಲಿನ ಆಲ್ಬಂಗಳಲ್ಲಿ ಅವರು ಜಾಗ ಬಿಡುತ್ತಿದ್ದದ್ದು ಒಬ್ಬರಿಗೊಬ್ಬರು. ಸುಲಿಯುವವರಿಗೆ ಮಾತ್ರ ಇದು ಬಹಳ ಹಿಡಿಸಿತು. ಎಳೆಯ ಹುಡುಗರು ಕಾಲಲ್ಲಿ ತಾಳ ಹಾಕಿದರು. 2023ರ 'ತೂ ಹೈ' ಆಲ್ಬಂ ಎರಡೇ ಸಲ ಕೇಳಿದ್ದೇನೆ, ಅದರ ಬಗ್ಗೆ ಈಗಲೇ ಹೇಳಲಾರೆ.

ಯಾವುದರಿಂದ ಶುರು ಮಾಡಲಿ ಅಂತ ಕೇಳುವವರಿಗೆ 'ಕಂದೀಸಾ' ಕೊಡುತ್ತೇನೆ. ಅದು ಕೈ ಹಿಡಿದು ಒಳಗೆ ಕರೆಯುತ್ತದೆ. ಒಂದು ವಾರ ಬಿಟ್ಟು 'ಝೀನಿ' ಕೇಳಿ, ಅದೂ ರಾತ್ರಿ, ಕೈಗೆ ಏನಾದರೂ ಕೆಲಸ ಇಟ್ಟುಕೊಂಡು.

ಆರನೇ ರಾತ್ರಿ ಮತ್ತೆ ಯಕ್ಷಗಾನ ಹಾಕಲು ಹೋದೆ. ಅತ್ತೆ ತಡೆದರು. "ಆ ಬಟ್ಟೆ ನೇಯುವ ಪದ ಇತ್ತಲ್ಲ, ಅದನ್ನ ಒಂದ್ಸಲ ಹಾಕು. ಆಮೇಲೆ ನಮ್ಮದು."